ಹತ್ತಕ್ಕೆ ಏಳು

ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿ ನಿವೃತ್ತರಾದ ನಮ್ಮ ಮೇಷ್ಟ್ರು ಹತ್ತಕ್ಕೆ ಏಳಕ್ಕಿಂತ ಹೆಚ್ಚು ಅಂಕವನ್ನು ಯಾರಿಗೂ ಕೊಟ್ಟವರಲ್ಲ. ಅದಕ್ಕೇ ಅವರಿಗೆ ಏಳು ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ವಿದ್ಯಾರ್ಥಿಗಳು ಬೆನ್ನ ಹಿಂದೆ ಆಡಿಕೊಳ್ಳಲು ಇಟ್ಟ ಹೆಸರು ಅದು. ಮೇಷ್ಟ್ರಿಗೆ ಅದು ಕಿವಿಗೆ ಬಿದ್ದಾಗ ಬಿರುದು ಸಿಕ್ಕಿತೆಂದು ಹಿಗ್ಗಿಬಿಟ್ಟರು. ಅವರ ಪ್ರಕಾರ ಏಳೆಂದರೆ ಮನುಷ್ಯಮಾತ್ರರು ಮುಟ್ಟಬಹುದಾದ ತುದಿ. ಎಂಟು ಕೊಡಬೇಕಾದರೆ ಇಬ್ಬರು ಸಾಕ್ಷಿಗಳಾದರೂ ಬೇಕು. ಒಂಬತ್ತನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಇನ್ನು ಹತ್ತು ಇರುವುದು ಲೆಕ್ಕಕ್ಕೆ ಒಂದು ಕೊನೆ ಇರಲಿ ಎಂದಷ್ಟೇ.

ಕೆಲಸ ನಿವೃತ್ತಿಯಾಯಿತೇ ಹೊರತು ಜೇಬಿನ ಕೆಂಪು ಪೆನ್ಸಿಲ್ಲಿಗೆ ನಿವೃತ್ತಿಯಾಗಲಿಲ್ಲ. ಕೂದಲು ಕತ್ತರಿಸುವವನಿಗೆ ಐದೂವರೆ, ಪೇಪರು ಹಾಕುವವನಿಗೆ ಐದು, ರಕ್ತದೊತ್ತಡ ನೋಡುವ ಡಾಕ್ಟರಿಗೆ ಆರು. ಅವರ ಕೈ ತಣ್ಣಗಿದ್ದದ್ದಕ್ಕೆ ಅರ್ಧ ಕಡಿತ. ಹೆಂಡತಿಗೆ ಮದುವೆಯಾದಾಗಿನಿಂದ ಆರೂವರೆ. ಮೂವತ್ತೆರಡು ವರ್ಷ ಆ ತಾಯಿ ಆ ಇನ್ನರ್ಧ ಅಂಕದ ಹಿಂದೆ ಬಿದ್ದು ಸುಸ್ತಾಗಿ, ಈಚೆಗೆ ಕೇಳುವುದನ್ನೇ ಬಿಟ್ಟಿದ್ದರು.

ಇಂಥ ಮೇಷ್ಟ್ರು ಕಾರು ಕೊಂಡರು. ಕೊಳ್ಳುವ ಮುಂಚೆ ನೂರು ಅಂಕದ ಒಂದು ಪ್ರಶ್ನೆಪತ್ರಿಕೆ ತಯಾರಿಸಿದರು. ಬಾಗಿಲು ಹಾಕಿದಾಗ ಬರುವ ಸದ್ದಿಗೆ ಐದು ಅಂಕ. ಹೆಂಡತಿ ಹತ್ತಿ ಇಳಿಯುವಾಗ ಮುಖದಲ್ಲಿ ಕಾಣುವ ಭಾವಕ್ಕೆ ಹತ್ತು. ಮಾರುವವನು ಬೆಲೆಯನ್ನು ಎಷ್ಟನೇ ನಿಮಿಷದಲ್ಲಿ ಬಾಯಿಬಿಟ್ಟು ಹೇಳುತ್ತಾನೆ ಎಂಬುದಕ್ಕೆ ಹದಿನೈದು. ನಾಲ್ಕು ತಿಂಗಳು ಹನ್ನೊಂದು ಅಂಗಡಿಗಳಲ್ಲಿ ಪರೀಕ್ಷೆ ನಡೆಯಿತು. ಎರಡು ಅಂಗಡಿಯ ಮಾರಾಟಗಾರರು ಮೇಷ್ಟ್ರು ಗಾಜಿನ ಬಾಗಿಲಲ್ಲಿ ಕಾಣಿಸಿದ ಕೂಡಲೇ ಊಟಕ್ಕೆ ಹೋಗಿಬಿಡುತ್ತಿದ್ದರು, ಬೆಳಿಗ್ಗೆ ಹತ್ತೂವರೆಗೇ. ಕಡೆಗೆ ಮೊದಲ ಸ್ಥಾನ ಬಂದದ್ದು ಒಂದು ಕೊರಿಯಾದ ಕಾರಿಗೆ. ಅಂಥ ದೊಡ್ಡಸ್ತಿಕೆಯ ಕಾರಲ್ಲ. ಆದರೆ ಬೇರೆಯವರು ಹೆಚ್ಚುವರಿ ಎಂದು ಬೆಲೆ ಹೇಳುತ್ತಿದ್ದದ್ದನ್ನೆಲ್ಲ ಇವರು ಮೊದಲೇ ಕೂರಿಸಿ ಕೊಟ್ಟಿದ್ದರು. ಕೊಟ್ಟ ದುಡ್ಡಿಗೆ ಮೋಸವಿರಲಿಲ್ಲ.

"ಕೊರಿಯಾದ್ದಾ?" ಎಂದು ಮೇಷ್ಟ್ರ ಭಾವಮೈದುನ ಮೂಗು ಮುರಿದ. ಅವನದು ಭಾರೀ ಬೆಲೆಯ ಕಾರು. ವಾರದಲ್ಲಿ ಮೂರು ದಿನ ಅವನ ಮನೆಯಲ್ಲಿ, ನಾಲ್ಕು ದಿನ ಗ್ಯಾರೇಜಿನಲ್ಲಿ ಇರುತ್ತಿತ್ತು. "ಭಾವ, ಅವ್ರು ಮೊದ್ಲು ಸೈಕಲ್ ಪೈಪ್ ಮಾಡ್ತಿದ್ದೋರಂತೆ. ಡಬ್ಬ ಅದು, ಡಬ್ಬ!"

ಮೇಷ್ಟ್ರು ಶಾಂತವಾಗಿ ಅಂಗಡಿಯವರು ಕೊಟ್ಟ ಪುಸ್ತಿಕೆ ತೆಗೆದರು. "ಓದಿದೀನಪ್ಪ. ಮೊದ್ಲು ಸೈಕಲ್ ಪೈಪು. ಆಮೇಲೆ ಇಡೀ ಸೈಕಲ್ಲು. ಆಮೇಲೆ ಮೂರು ಚಕ್ರದ ಸಾಮಾನು ಗಾಡಿ. ಆಮೇಲೆ ಕಾರು. ಒಂದೊಂದೇ ಕ್ಲಾಸು ಪಾಸು ಮಾಡ್ಕೊಂಡು ಬಂದಿದಾರೆ. ಡಬಲ್ ಪ್ರಮೋಷನ್ ತಗೊಂಡು ನೇರ ಹತ್ತನೇ ಕ್ಲಾಸಿಗೆ ಬಂದು ಕೂತಿಲ್ಲ. ಇನ್ನೊಂದು ನೋಡು, ವಾರಂಟಿ ಎಷ್ಟು ವರ್ಷ ಕೊಟ್ಟಿದಾರೆ? ಏಳು! ಹತ್ತು ಅಂತ ಜಂಭ ಕೊಚ್ಚಿದಾರಾ? ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತು ಅವ್ರಿಗೆ."

ಕಾರು ಮನೆಗೆ ಬಂತು. ಮೇಷ್ಟ್ರು ಅದನ್ನು ನಲವತ್ತರ ವೇಗದಲ್ಲಿ ಓಡಿಸಿದರು. ಹಿಂದೆ ಬರುವವರು ಹಾರ್ನ್ ಹೊಡೆದಾಗೆಲ್ಲ ಕೈ ಬೀಸಿ ನಮಸ್ಕಾರ ಮಾಡಿದರು. ಎಲ್ಲ ಸುಸೂತ್ರವಾಗಿಯೇ ಇತ್ತು. ಎರಡನೇ ತಿಂಗಳಲ್ಲಿ ಮಾತ್ರ ಹಿಂದಿನಿಂದೆಲ್ಲೋ ಕಿಣಿಕಿಣಿ ಎಂಬ ಸದ್ದು ಶುರುವಾಯಿತು. ಬಲಕ್ಕೆ ತಿರುಗಿದರೆ ಬರುತ್ತಿತ್ತು, ಎಡಕ್ಕೆ ತಿರುಗಿದರೆ ಇಲ್ಲ. ಮೇಷ್ಟ್ರು ಹತ್ತು ತಿಂಗಳು ಆ ಸದ್ದಿನ ಗ್ರಾಫ್ ಬರೆದರು. ವಾರ್ಷಿಕ ಸರ್ವೀಸಿಗೆ ಕಾರು ಬಿಡುವಾಗ ಆ ಗ್ರಾಫನ್ನೂ ಜೊತೆಗೆ ಕೊಟ್ಟರು.

ಸರ್ವೀಸ್ ಕೌಂಟರಿನಲ್ಲಿದ್ದವಳು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ನೀಲಿ ಕೋಟು, ಕಿವಿಯ ಹಿಂದೆ ಪೆನ್ನು. ಅಂಥ ಗ್ರಾಫನ್ನು ನೋಡಿ ಬೇರೆ ಯಾರಾದರೂ ನಗುತ್ತಿದ್ದರು. ಆಕೆ ಕೂತು ಪೂರ್ತಿ ಓದಿದಳು. ಆಮೇಲೆ ಮೆಕ್ಯಾನಿಕ್ಕಿಗೆ ಸ್ಟಿಯರಿಂಗ್ ಒಪ್ಪಿಸಿ, ಚಪ್ಪಲಿ ಬಿಚ್ಚಿ, ಕೈಯಲ್ಲಿ ಟಾರ್ಚ್ ಹಿಡಿದು ತಾನೇ ಡಿಕ್ಕಿಯೊಳಗೆ ಮಲಗಿಕೊಂಡಳು. ಕಾರು ಅಂಗಳದಲ್ಲಿ ಬಲಕ್ಕೇ ತಿರುಗುತ್ತ ಮೂರು ಸುತ್ತು ಹಾಕಿತು. ಕಾಯುವ ಕೋಣೆಯಲ್ಲಿದ್ದ ಗಿರಾಕಿಗಳೆಲ್ಲ ಕಾಫಿ ಲೋಟ ಹಿಡಿದು ಕಿಟಕಿಗೆ ಬಂದು ನಿಂತರು. ನಾಲ್ಕನೇ ಸುತ್ತಿಗೆ ಒಳಗಿನಿಂದ "ಸಿಕ್ತು!" ಎಂದು ಕೂಗು ಕೇಳಿಸಿತು. ಆಕೆ ಕೆದರಿದ ತಲೆಯಲ್ಲಿ ಹೊರಗೆ ಬಂದು ಅಂಗೈ ಚಾಚಿದಳು. ಅದರ ಮೇಲೆ ಮೇಷ್ಟ್ರದೇ ಕೈವಾರ. ಜಾಮಿಟ್ರಿ ಪೆಟ್ಟಿಗೆಯಿಂದ ಜಾರಿ ಸ್ಟೆಪ್ನಿಯ ಸಂದಿಗೆ ಬಿದ್ದಿತ್ತು.

ಮೇಷ್ಟ್ರು ಕೈವಾರವನ್ನು ಎರಡೂ ಕೈಯಿಂದ ತೆಗೆದುಕೊಂಡರು. ಎದೆ ತುಂಬಿ ಬಂತು. ಆಗಲೇ ಆಕೆ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳುತ್ತ, ದಿನಕ್ಕೆ ಇಪ್ಪತ್ತು ಜನರಿಗೆ ಹೇಳುವ ಮಾತನ್ನು ಅವರಿಗೂ ಹೇಳಿಬಿಟ್ಟಳು.

"ಸಾರ್, ನಾಳೆ ಕಂಪನಿಯಿಂದ ಫೋನ್ ಬರುತ್ತೆ. ನಮ್ಮ ಸರ್ವೀಸಿಗೆ ಹತ್ತಕ್ಕೆ ಎಷ್ಟು ಕೊಡ್ತೀರಾ ಅಂತ ಕೇಳ್ತಾರೆ. ದಯವಿಟ್ಟು ಹತ್ತು ಕೊಟ್ಬಿಡಿ ಸಾರ್."

ಮೇಷ್ಟ್ರ ಕೈಯಿಂದ ಪೆನ್ನು ಕೆಳಗೆ ಬಿತ್ತು. ಪರೀಕ್ಷೆಗೆ ಕೂತವರೇ ಪರೀಕ್ಷಕನ ಹತ್ತಿರ ಬಂದು, ಮೌಲ್ಯಮಾಪನಕ್ಕೆ ಮೊದಲೇ, ಹಾಡಹಗಲಲ್ಲಿ, ಅಂಕ ಕೇಳುವುದೆಂದರೇನು! ಮೂವತ್ತೊಂದು ವರ್ಷದಲ್ಲಿ ಇದಕ್ಕಿಂತ ಸಣ್ಣ ಅಪರಾಧಕ್ಕೆ ಅವರು ಜನರನ್ನು ಪರೀಕ್ಷಾ ಕೊಠಡಿಯಿಂದ ಹೊರಗೆ ಕಳಿಸಿದ್ದರು. ಆದರೆ ಈಕೆ ಡಿಕ್ಕಿಯಲ್ಲಿ ಮಲಗಿದವಳು. ಮೇಷ್ಟ್ರು ದೊಡ್ಡ ಮನಸ್ಸು ಮಾಡಿ, "ನಾನು ಅದನ್ನ ಕೇಳಿಸ್ಕೊಂಡಿಲ್ಲಮ್ಮ" ಎಂದು ಗಂಭೀರವಾಗಿ ಹೇಳಿ ಹೊರಟುಬಂದರು.

ಮಾರನೆಯ ದಿನ ಹನ್ನೊಂದು ಗಂಟೆಗೆ ಫೋನು ಬಂತು. ಒಂದು ಸಣ್ಣ ಹೆಣ್ಣುದನಿ ಕಂಪನಿಯ ಕೇಂದ್ರ ಕಚೇರಿಯಿಂದ ಮಾತಾಡಿತು. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, "ಏಳು" ಎಂದರು.

ಅಡುಗೆಮನೆಯಲ್ಲಿ ಏನೋ ಕೈಜಾರಿ ಬಿದ್ದ ಸದ್ದಾಯಿತು. "ಏಳಾ? ಮೊದಲ್ನೇ ಸಲಕ್ಕೇ ಏಳಾ?" ಎಂದು ಹೆಂಡತಿ ಬಾಗಿಲಿಗೆ ಬಂದರು.

"ಏನು ತೊಂದರೆ ಆಯ್ತು ಸರ್?" ಎಂದಿತು ಫೋನು.

"ತೊಂದರೆ ಏನಿಲ್ಲಮ್ಮ. ಅದ್ಭುತವಾದ ಕೆಲಸ."

"ಹಾಗಾದ್ರೆ ಏಳು ಯಾಕೆ ಸರ್?"

"ಅದ್ಭುತ ಅಂತಾನೇ ಏಳು."

ಆ ಕಡೆ ಹಾಳೆ ತಿರುವಿದ ಸದ್ದಾಯಿತು. ಅವರಿಗೆ ಬರೆದುಕೊಟ್ಟ ಕಾಗದದಲ್ಲಿ ಇಂಥ ಉತ್ತರಕ್ಕೆ ಮುಂದಿನ ಸಾಲು ಇರಲಿಲ್ಲವೆಂದು ಕಾಣುತ್ತದೆ. "ಬೇರೆ ಏನಾದ್ರೂ ಹೇಳೋದಿದ್ಯಾ ಸರ್?" ಎಂದು ಕೇಳಿದಾಗ ಮೇಷ್ಟ್ರು ಪ್ರಗತಿಪತ್ರದಲ್ಲಿ ಮೂವತ್ತೊಂದು ವರ್ಷ ಬರೆದ ವಾಕ್ಯವನ್ನೇ ಪ್ರೀತಿಯಿಂದ ಹೇಳಿದರು: "ಉತ್ತಮ. ಇನ್ನೂ ಶ್ರಮ ವಹಿಸಬೇಕು."

ಮೇಷ್ಟ್ರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ಕಂಪನಿಯ ಲೆಕ್ಕದಲ್ಲಿ ಒಂಬತ್ತಕ್ಕಿಂತ ಕೆಳಗೆ ಬಂದದ್ದೆಲ್ಲ ಸೊನ್ನೆ. ಏಳೂ ಸೊನ್ನೆಯೇ. ಅದರ ಮೇಲೆ "ಇನ್ನೂ ಶ್ರಮ ವಹಿಸಬೇಕು" ಬೇರೆ.

ಊಟದ ಹೊತ್ತಿಗೆಲ್ಲ ಸರ್ವೀಸ್ ಮ್ಯಾನೇಜರು ಮನೆಯ ಬಾಗಿಲಲ್ಲಿದ್ದ. ಕೈಯಲ್ಲಿ ಹೂಗುಚ್ಛ, ಒಂದು ಕೀಚೈನು, ಮುಖದಲ್ಲಿ ಸಾವಿನ ಮನೆಗೆ ಬಂದ ಕಳೆ. "ಸಾರ್, ನಮ್ಮಿಂದ ಏನೇ ತಪ್ಪಾಗಿದ್ರೂ ಹೊಟ್ಟೆಗೆ ಹಾಕ್ಕೊಳಿ" ಎಂದು ಹೊಸ್ತಿಲಲ್ಲೇ ಬಗ್ಗಿದ.

ಪರೀಕ್ಷೆ ಬರೆದವರ ಕಡೆಯವರು ಉಡುಗೊರೆ ಸಮೇತ ಪರೀಕ್ಷಕನ ಮನೆಗೆ! "ಮೊದಲು ಆ ಕೀಚೈನು ಜೇಬಿಗೆ ಹಾಕ್ಕೊಳಿ!" ಎಂದು ಮೇಷ್ಟ್ರು ಗುಡುಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಹೂವನ್ನೂ ವಾಪಸು ಕಳಿಸುತ್ತಿದ್ದರು. ಅಷ್ಟರಲ್ಲಿ ಹೆಂಡತಿ ಅದನ್ನು ಹೂದಾನಿಗೆ ಹಾಕಿ ನೀರೂ ಬಿಟ್ಟಾಗಿತ್ತು.

ಎದುರುಮನೆಯ ಹಲ್ಲಿನ ಡಾಕ್ಟರು ಇದನ್ನೆಲ್ಲ ತಮ್ಮ ಮಹಡಿಯಿಂದ ನೋಡಿದರು. ಅವರದೂ ಅದೇ ಕಾರು. ಸಂಜೆಗೆ ಗೇಟಿನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.

"ಮೇಷ್ಟ್ರೇ, ಮುಚ್ಚುಮರೆ ಬೇಡ. ಏನು ದೋಷ ಸಿಕ್ತು?"

"ದೋಷಾನಾ? ಏನೂ ಇಲ್ಲ."

"ಕಂಪನಿಯೋರು ಮನೆಗೆ ಬಂದು ಕಾಲಿಗೆ ಬೀಳೋವಷ್ಟು 'ಏನೂ ಇಲ್ಲ'ವಾ?" ಡಾಕ್ಟರು ಹುಬ್ಬು ಹಾರಿಸಿದರು. "ಬಾಯಿ ಬಿಡಬೇಡಿ ಅಂತ ಬರೆಸ್ಕೊಂಡಿದಾರೆ ಅಲ್ವಾ? ಅರ್ಥ ಆಯ್ತು ಬಿಡಿ."

ಆ ಸಂಜೆಯಿಂದ ಡಾಕ್ಟರ ಕಣ್ಣಿಗೆ ತಮ್ಮ ಕಾರಿನ ಎಡಭಾಗದಲ್ಲಿ ಏನೋ ಮಂಕು ಕವಿದ ಹಾಗೆ ಕಂಡಿತು. ಅವರಿಂದ ಕೇಳಿದ ಸೂಲಗಿತ್ತಿ ನರ್ಸಮ್ಮನಿಗೆ, ಐದು ವರ್ಷ ಹಗಲಿರುಳೆನ್ನದೆ ಹೆರಿಗೆಗಳಿಗೆ ಓಡಿಸಿದ ಕಾರು ಒಮ್ಮಿಂದೊಮ್ಮೆಲೇ ನಿಟ್ಟುಸಿರು ಬಿಡುತ್ತಿರುವಂತೆ ಕೇಳಿಸಿತು. ಬೇಕರಿಯವನು ತನ್ನ ಕಾರಿನಲ್ಲಿ ದೋಷವೇ ಕಾಣದ್ದರಿಂದ ಅದು ಭಾರೀ ಒಳಗಿನ ದೋಷವೇ ಇರಬೇಕೆಂದು ಹೆದರಿದ. ಮೂರು ಲಕ್ಷ ಕಿಲೋಮೀಟರ್ ಓಡಿಸಿದ್ದ ಟ್ಯಾಕ್ಸಿಯವನೊಬ್ಬ, "ನಂದು ಇನ್ನೂ ಬೆಣ್ಣೆ ಥರ ಓಡ್ತಿದೆ. ನಾನೇನಾದ್ರೂ ಗಮನಿಸಿಲ್ವಾ ಮೇಷ್ಟ್ರೇ?" ಎಂದು ಕಂಗಾಲಾಗಿ ಬಂದ. ಎರಡು ದಿನದಲ್ಲಿ ಮೇಷ್ಟ್ರ ಗೇಟಿನ ಮುಂದೆ ಒಂದೇ ಜಾತಿಯ ಹದಿಮೂರು ಕಾರುಗಳು ಸಾಲಾಗಿ ನಿಂತವು. ಮಾಲೀಕರೆಲ್ಲ ಒಬ್ಬರ ಬಾನೆಟ್ಟಿಗೆ ಇನ್ನೊಬ್ಬರು ಕಿವಿಗೊಟ್ಟು ಕೇಳುತ್ತಿದ್ದರು. ಭಾವಮೈದುನನ ಸಂತೋಷ ಹೇಳತೀರದು. ಅವನ ಕಾರು ಎಂದಿನಂತೆ ಗ್ಯಾರೇಜಿನಲ್ಲಿದ್ದುದರಿಂದ ನಡೆದುಕೊಂಡೇ ಬಂದು, "ಡಬ್ಬ ಅಂತ ನಾನು ಅವತ್ತೇ ಹೇಳ್ಲಿಲ್ವಾ ಭಾವ!" ಎಂದು ಕುರ್ಚಿ ಎಳೆದು ಕೂತ.

ಮೂರನೆಯ ದಿನ ಕಂಪನಿಯ ವಲಯಾಧಿಕಾರಿಯೇ ಬಂದರು. ಕಪ್ಪು ಕನ್ನಡಕ, ಜೊತೆಗೆ ಲ್ಯಾಪ್‌ಟಾಪ್ ಹಿಡಿದ ಎಂಜಿನಿಯರು. ನಡುಬೀದಿಯಲ್ಲಿ ಮೇಷ್ಟ್ರ ಕಾರಿನ ಬಾನೆಟ್ ತೆಗೆದು ತಂತಿ ಚುಚ್ಚಿ ನಾಲ್ಕು ಗಂಟೆ ತಪಾಸಣೆ ಮಾಡಿದರು. ಹದಿಮೂರು ಮಾಲೀಕರು ಸುತ್ತ ಉಸಿರು ಬಿಗಿಹಿಡಿದು ನಿಂತರು.

"ಸರ್, ಕಾರಲ್ಲಿ ಒಂದು ಸ್ಕ್ರೂ ಕೂಡ ಸಡಿಲ ಇಲ್ಲ" ಎಂದ ಎಂಜಿನಿಯರು, ಬೆವರು ಒರೆಸಿಕೊಳ್ಳುತ್ತ.

ವಲಯಾಧಿಕಾರಿ ಕನ್ನಡಕ ತೆಗೆದರು. "ನೋಡಿ ಸರ್, ನಿಮಗೆ ಈ ಕಾರು ಬೇಡ ಅಂದ್ರೆ ಬೇರೆ ಹೊಸಾದ್ದೇ ಕೊಡೋಕೆ ರೆಡಿ ಇದೀವಿ."

"ಅಯ್ಯೋ, ಇದು ಫಸ್ಟ್ ಕ್ಲಾಸಲ್ಲಿ ಪಾಸಾಗಿರೋ ಕಾರು ಕಣ್ರೀ! ಬದಲಾಯಿಸೋದು ಯಾಕೆ?"

"ಸರಿ ಹಾಗಾದ್ರೆ." ವಲಯಾಧಿಕಾರಿ ಕಡತ ಮುಚ್ಚಿದರು. "ಕಾರಲ್ಲಿ ತಪ್ಪಿಲ್ಲ ಅಂದ್ಮೇಲೆ ತಪ್ಪು ಆ ಕೌಂಟರಿನ ಹೆಣ್ಣುಮಗಳದ್ದೇ. ಮುಂದಿನ ತಿಂಗಳು ಹೊಸ ಸರ್ವೀಸ್ ಕೇಂದ್ರ ತೆಗೀತಿದೀವಿ, ಅದಕ್ಕೆ ಅವಳನ್ನೇ ಮುಖ್ಯಸ್ಥೆ ಮಾಡ್ಬೇಕು ಅಂತಿದ್ವಿ. ಇನ್ನು ಬಿಡಿ, ಸ್ಟೋರಿಗೆ ಹಾಕ್ತೀವಿ. ಫಿಲ್ಟರ್ ಎಣಿಸ್ಕೊಂಡಿರ್ಲಿ. ನಿಮಗೆ ನ್ಯಾಯ ಸಿಕ್ತು ಅನ್ಕೊಳಿ."

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ಗರಬಡಿದವರ ಹಾಗೆ ನಿಂತುಬಿಟ್ಟರು. ಅವರು ಜೀವಮಾನದಲ್ಲಿ ಬೇಕಾದಷ್ಟು ಜನರನ್ನು ಫೇಲು ಮಾಡಿದ್ದರು, ನಿಜ. ಆದರೆ ಫಸ್ಟ್ ಕ್ಲಾಸ್ ಕೊಟ್ಟು ಫೇಲು ಮಾಡಿದ್ದು ಇದೇ ಮೊದಲು.

ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಅವರು ಸರ್ವೀಸ್ ಕೇಂದ್ರಕ್ಕೆ ಓಡಿದರು. ಆಕೆ ಕೌಂಟರಿನ ಖಾನೆಯಿಂದ ತನ್ನ ಸಾಮಾನು ತೆಗೆದು ಒಂದು ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದಳು: ಕಾಫಿ ಲೋಟ, ಟಾರ್ಚು, ಬಾಚಣಿಗೆ. ಎಲ್ಲದರ ಮೇಲೆ ಮೇಷ್ಟ್ರ ಗ್ರಾಫು.

"ಅಮ್ಮಾ, ನಾನು ನಿನಗೆ ಏಳು ಕೊಟ್ಟಿದ್ದು..." ಎಂದು ಮೇಷ್ಟ್ರು ತೊದಲಿದರು.

"ಪರವಾಗಿಲ್ಲ ಸಾರ್. ನಿಮ್ಮ ಮನಸ್ಸಿಗೆ ಅನ್ನಿಸಿದ್ದು ಕೊಟ್ರಿ." ಆಕೆಯ ಕಣ್ಣು ಕೆಂಪಾಗಿತ್ತು, ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಇನ್ನು ಮೂರು ಎಲ್ಲಿ ಹೋಯ್ತು ಅಂತ ಮಾತ್ರ ಹೇಳಿ ಸಾರ್. ಮುಂದೆ ತಿದ್ಕೋತೀನಿ."

ಮೂವತ್ತೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಮೇಷ್ಟ್ರನ್ನು ಹೀಗೆ ಕೇಳಿರಲಿಲ್ಲ. ಆ ಮೂರು ಅಂಕ ಎಲ್ಲಿ ಹೋಗಿತ್ತೆಂದು ಅವರಿಗೇ ಗೊತ್ತಿರಲಿಲ್ಲ.

"ಪೆಟ್ಟಿಗೆ ಕಟ್ಟಬೇಡ. ನಾಳೆ ಹತ್ತು ಗಂಟೆವರೆಗೆ ಕಟ್ಟಬೇಡ" ಎಂದಷ್ಟೇ ಹೇಳಿ ಮನೆಗೆ ಬಂದರು.

ಫೋನೆತ್ತಿ ಹತ್ತು ಎಂದುಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತಲ್ಲ ಎಂದು ನಿಮಗೂ ನನಗೂ ಅನ್ನಿಸುತ್ತದೆ. ಹೆಂಡತಿಗೂ ಹಾಗೇ ಅನ್ನಿಸಿತು. ಆದರೆ ಒಮ್ಮೆ ಕೊಟ್ಟ ಅಂಕವನ್ನು ಒತ್ತಡಕ್ಕೆ ಮಣಿದು ತಿದ್ದುವುದೆಂದರೆ ಮೇಷ್ಟ್ರಿಗೆ ಪ್ರಾಣ ಹೋದಂತೆ. ತಿದ್ದಬೇಕಾದರೆ ಕ್ರಮಪ್ರಕಾರ ತಿದ್ದಬೇಕು, ಲೆಕ್ಕ ಮಾಡಿ ತೋರಿಸಬೇಕು. ಅವರು ಅಟ್ಟದಿಂದ ತಗಡಿನ ಟ್ರಂಕು ಇಳಿಸಿದರು. ಅದರ ತುಂಬ ಅವರ ಅಂಕಪುಸ್ತಕಗಳು, ಒಂದು ವರ್ಷವೂ ತಪ್ಪದೆ.

ಮರುದಿನ ಬೆಳಿಗ್ಗೆ ಆ ಕೊರಿಯಾದ ಕಾರು ವಲಯ ಕಚೇರಿಯ ಕಡೆ ನಲವತ್ತರ ವೇಗದಲ್ಲಿ ಹೊರಟಿತು. ಮುಂದೆ ಮೇಷ್ಟ್ರು, ಪಕ್ಕದಲ್ಲಿ ಹೆಂಡತಿ. ಹಿಂದೆ ಟ್ರಂಕು, ಟ್ರಂಕಿನ ಪಕ್ಕ ಭಾವಮೈದುನ. ಕಂಪನಿಯವರ ಮಾನ ಹೋಗುವುದನ್ನು ಕಣ್ಣಾರೆ ನೋಡಲು ಅವನು ಬಂದಿದ್ದ. ದಾರಿಯಲ್ಲಿ ಎರಡು ಸಲ, "ಅಲ್ಲ ಭಾವ, ಹಿಂದಿನ ಸೀಟಿಗೂ ಎಸಿ ಬರುತ್ತಾ ಇದ್ರಲ್ಲಿ?" ಎಂದು ಕೇಳಿದ.

ವಲಯಾಧಿಕಾರಿಯ ಕೋಣೆಯ ಗೋಡೆಯುದ್ದಕ್ಕೂ ಕಂಪನಿಯ ಇತಿಹಾಸದ ಪಟವಿತ್ತು. ಸೈಕಲ್ ಪೈಪಿನಿಂದ ಶುರುವಾಗಿ, ಸೈಕಲ್ಲು, ಮೂರು ಚಕ್ರದ ಗಾಡಿ, ಮೊದಲ ಕಾರು. ಅದಾದ ಮೇಲೆ ಒಂದು ದೊಡ್ಡ ಹೂಕುಂಡ, ಆಳೆತ್ತರದ ಎಲೆಗಿಡ. ಗಿಡದ ಆಚೆಗೆ ಪಟ ಮುಂದುವರಿದು ಕಾರುಗಳು ಥಳಥಳ ಹೊಳೆಯುತ್ತಿದ್ದವು. ಮೇಷ್ಟ್ರು ಕೂರುವ ಮೊದಲೇ ಆ ಎಲೆಗಳನ್ನು ಸರಿಸಿ ಇಣುಕಿದರು.

"ಸರ್, ಅಲ್ಲೇನಿಲ್ಲ, ಬನ್ನಿ ಕೂತ್ಕೊಳಿ" ಎಂದು ವಲಯಾಧಿಕಾರಿ ಅವಸರಿಸಿದರು.

"ಇದೆಯಲ್ರೀ! ಇಲ್ಲಿ ಬರೆದಿದೆ, ಕಂಪನಿ ದಿವಾಳಿ ಆಯ್ತು ಅಂತ."

"ಅದು ಬಂದೋರಿಗೆಲ್ಲ ಕಾಣಿಸೋದು ಬೇಡ ಅಂತ ಗಿಡ ಇಟ್ಟಿದೀವಿ ಸರ್. ಆವಾಗ ಇನ್ನೊಂದು ದೊಡ್ಡ ಕಂಪನಿ ಬಂದು ಕೈ ಹಿಡೀತು. ಈಗ ಅದೆಲ್ಲ ಯಾಕೆ?"

ಮೇಷ್ಟ್ರು ಟ್ರಂಕಿನ ಬೀಗ ತೆಗೆದರು. ಗೋಡೆಯ ಬಿಳಿ ಹಲಗೆಯ ಮೇಲೆ ಎದ್ದು ಕಾಣುವಂತೆ ಬರೆದರು: ನನ್ನ ಏಳು, ನಿಮ್ಮ ಹತ್ತಕ್ಕೆ ಸಮ. ಕೆಳಗೆ ಗೆರೆ ಎಳೆದು ತರಗತಿಯ ದನಿಯಲ್ಲಿ ಶುರುಮಾಡಿದರು.

"ಸಾಧನೆ. ನನ್ನ ಇಡೀ ಜೀವಮಾನದಲ್ಲಿ ಗರಿಷ್ಠ ಅಂಕ ಏಳು. ಅಂದ್ಮೇಲೆ ನಾನು ಏಳು ಕೊಟ್ರೆ ಅದು ಏಳಕ್ಕೆ ಏಳು. ಏಳಕ್ಕೆ ಏಳು ಅಂದ್ರೆ ಹತ್ತಕ್ಕೆ ಹತ್ತು. ಆಕೆಗೆ ಸಿಕ್ಕಿರೋದು ಪೂರ್ತಿ ಅಂಕ. ಇದು ನಾನು ಅಂಕ ತಿದ್ದಿದ ಹಾಗಲ್ಲ, ಪರಿವರ್ತನೆ ಮಾಡಿದ ಹಾಗೆ. ಪುರಾವೆ ಈ ಟ್ರಂಕಲ್ಲಿದೆ. ಒಂದೇ ಒಂದು ಎಂಟು ಹುಡುಕಿ ಕೊಡಿ, ನಾನು ಸೋತೆ."

ವಲಯಾಧಿಕಾರಿಗೆ ಇದು ತಮಾಷೆಯೆನಿಸಿತು, ಆದರೆ ಲೆಕ್ಕ ತಪ್ಪೆಂದು ತೋರಿಸಲಾಗಲಿಲ್ಲ. ಎಂಜಿನಿಯರನ್ನೂ ಇಬ್ಬರು ಗುಮಾಸ್ತರನ್ನೂ ಕರೆದು ಪುಸ್ತಕ ಹಂಚಿದರು. ಆ ಕೌಂಟರಿನ ಹೆಣ್ಣುಮಗಳನ್ನೂ ಕರೆಸಿದರು. ಆಕೆ ಬಂದು ಬಾಗಿಲ ಪಕ್ಕ ಗೋಡೆಗಂಟಿಕೊಂಡು ನಿಂತಳು. ಒಂದು ಗಂಟೆ ಹಾಳೆ ತಿರುವುವ ಸದ್ದು ಬಿಟ್ಟರೆ ಬೇರೇನಿಲ್ಲ. ನಾಲ್ಕು, ಐದೂವರೆ, ಮೂರು, ಆರು, ಎಲ್ಲೋ ಅಪರೂಪಕ್ಕೆ ಒಂದು ಏಳು.

"ಸತ್ಯ ಸರ್, ಎಂಟು ಎಲ್ಲೂ ಇಲ್ಲ" ಎಂದ ಎಂಜಿನಿಯರು. ಬಾಗಿಲ ಬಳಿ ನಿಂತವಳ ಮುಖದಲ್ಲಿ ಮೊದಲ ಬಾರಿಗೆ ಸ್ವಲ್ಪ ಬಣ್ಣ ಬಂತು. ಮೇಷ್ಟ್ರು ಬೀಗಿದರು.

"ಒಂದ್ನಿಮಿಷ" ಎಂದ ಭಾವಮೈದುನ. ಸುಮ್ಮನೆ ಕೂರಲಾಗದೆ ಅವನೂ ಟ್ರಂಕಿನ ತಳಕ್ಕೆ ಕೈ ಹಾಕಿದ್ದ. ಕೈಗೆ ತೆಳ್ಳನೆಯ ನೀಲಿ ರಟ್ಟಿನ ಪುಸ್ತಕವೊಂದು ಸಿಕ್ಕಿತ್ತು. "ಎಂಟು ಇಲ್ಲ ಭಾವ. ಇಲ್ಲೊಂದು ಹತ್ತಿದೆ."

ಮೇಷ್ಟ್ರ ಕೈಯಿಂದ ಹಲಗೆಯ ಪೆನ್ನು ಜಾರಿತು.

"ಸಂಜೆ ತರಗತಿ, ದೂರವಾಣಿ ಇಲಾಖೆಯ ನೌಕರರಿಗೆ" ಎಂದು ಅವನು ಗಟ್ಟಿಯಾಗಿ ಓದಿದ. "ಲೆಕ್ಕದ ಪರೀಕ್ಷೆ. ಕ್ರಮಸಂಖ್ಯೆ ಹದಿನಾಲ್ಕು, ಹತ್ತಕ್ಕೆ ಹತ್ತು."

"ಹದಿನಾಲ್ಕಾ?" ಮೇಷ್ಟ್ರ ಹೆಂಡತಿ ನಿಧಾನವಾಗಿ ಎದ್ದು ನಿಂತರು. "ಹದಿನಾಲ್ಕು ನಂದಲ್ವೇನ್ರೀ?"

ಮದುವೆಗೆ ಮೊದಲು ಆಕೆ ಟೆಲಿಫೋನ್ ಆಪರೇಟರ್ ಆಗಿದ್ದರು. ಮೇಷ್ಟ್ರು ಶಾಲೆಗೆ ಸೇರುವ ಮುಂಚೆ ಆರು ತಿಂಗಳು ಆ ಸಂಜೆ ತರಗತಿ ನಡೆಸಿದ್ದರು. ಪುಸ್ತಕ ಟ್ರಂಕಿನಲ್ಲಿ ಇರುವುದನ್ನು ಅವರು ಮರೆತೇಬಿಟ್ಟಿದ್ದರು.

"ಮೂವತ್ತೆರಡು ವರ್ಷದಿಂದ ಆರೂವರೆ ಆರೂವರೆ ಅಂತ ನನ್ನ ಜೀವ ತಿಂದ್ರಲ್ಲ! ಇದೇನ್ರೀ ಇದು?"

"ಅದು... ಅದು ಅಂಕ ಅಲ್ಲ ಕಣೇ" ಎಂದರು ಮೇಷ್ಟ್ರು, ಕಿವಿಯವರೆಗೂ ಕೆಂಪಾಗಿ.

"ಮತ್ತೇನು?"

"ಅರ್ಜಿ."

ಗುಮಾಸ್ತರಲ್ಲೊಬ್ಬನಿಗೆ ಕೆಮ್ಮು ಬಂತು. ಮೇಷ್ಟ್ರು ತಲೆ ತಗ್ಗಿಸಿಕೊಂಡು ತಪ್ಪೊಪ್ಪಿಗೆ ಶುರುಮಾಡಿದರು. "ಆ ಪರೀಕ್ಷೇಲಿ ಒಂಬತ್ತಕ್ಕಿಂತ ಕಡಿಮೆ ಬಂದೋರನ್ನ ಬೇರೆ ಮೇಷ್ಟ್ರ ಕೇಂದ್ರಕ್ಕೆ ಕಳಿಸ್ಬೇಕು ಅಂತ ಇಲಾಖೆ ನಿಯಮ ಇತ್ತು. ನಿನ್ನ ಪತ್ರಿಕೆ ಎರಡೆರಡು ಸಲ ತಿದ್ದಿದೆ. ಒಂಬತ್ತು ಬರ್ಲಿಲ್ಲ."

"ಎಷ್ಟು ಬಂದಿತ್ತು?"

"ಆರೂವರೆ."

ಈ ಸಲ ಎಲ್ಲರಿಗೂ ಕೆಮ್ಮು ಬಂತು. ವಲಯಾಧಿಕಾರಿ ಮಾತ್ರ ಹಲಗೆಯ ಕಡೆ ತಿರುಗಿ, "ಹಾಗಾದ್ರೆ ಸರ್, ನಿಮ್ಮ ಗರಿಷ್ಠ ಅಂಕ ಹತ್ತು. ಏಳು ಅಂದ್ರೆ ಏಳೇ. ಸಾಧನೆ ಬಿದ್ದುಹೋಯ್ತು" ಎಂದು ಬಟ್ಟೆ ತೆಗೆದುಕೊಂಡು ಬರೆದದ್ದನ್ನು ಒರೆಸಿಬಿಟ್ಟರು. ಬಾಗಿಲ ಬಳಿಯ ಹೆಣ್ಣುಮಗಳು ಸದ್ದಿಲ್ಲದೆ ಹೊರಡಲು ತಿರುಗಿದಳು.

"ನಿಂತ್ಕೊಳಮ್ಮ ನೀನು" ಎಂದರು ಮೇಷ್ಟ್ರ ಹೆಂಡತಿ. ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಆರು ಜನರನ್ನು ಒಟ್ಟಿಗೆ ಸುಮ್ಮನಾಗಿಸುತ್ತಿದ್ದ ದನಿ ಅದು. ಆಮೇಲೆ ಗಂಡನ ಕಡೆ ತಿರುಗಿದರು. "ನೀವು ಹೇಳಿ. ಆರೂವರೆ ಬಂದೋಳಿಗೆ ಅವತ್ತು ಹತ್ತು ಯಾಕೆ ಕೊಟ್ರಿ?"

"ನೀನು ಹೋಗ್ಬಾರ್ದು ಅಂತ."

"ಇವಳು ಹೋಗ್ಬೇಕಾ?"

ಮೇಷ್ಟ್ರು ಸರ್ವೀಸ್‌ನವಳನ್ನು ನೋಡಿದರು. ಹೂಕುಂಡದ ಗಿಡವನ್ನು ನೋಡಿದರು. ಎದ್ದು ಹೋಗಿ ಆ ಕುಂಡವನ್ನು ಎರಡೂ ಕೈಯಿಂದ ತಳ್ಳಿ ಮೂಲೆಗೆ ಸರಿಸಿದರು. ದಿವಾಳಿಯ ವರ್ಷ ಕಣ್ಣಿಗೆ ರಾಚುವಂತೆ ಕಾಣಿಸಿತು.

"ಈ ವರ್ಷ ನಿಮ್ಮ ಕಂಪನಿಗೆ ಹತ್ತಕ್ಕೆ ಎಷ್ಟು ಬಂದಿತ್ತು ಅಂತೀರಾ?" ಎಂದು ವಲಯಾಧಿಕಾರಿಯನ್ನು ಕೇಳಿದರು. "ಸೊನ್ನೆ. ಆದ್ರೂ ಇದು ಹೋಗ್ಬಾರ್ದು ಅಂತ ಯಾರಿಗೋ ಅನ್ನಿಸ್ತು. ಅನ್ನಿಸಿದ್ರಿಂದ್ಲೇ ನೀವು ಇಲ್ಲಿ ಕೂತಿದೀರಿ, ನಾನು ಅದೇ ಕಾರಲ್ಲಿ ಬಂದಿದೀನಿ. ಫೋನ್ ಹಚ್ಚಿ ನಿಮ್ಮ ಕೇಂದ್ರ ಕಚೇರಿಗೆ. ಮರುಮೌಲ್ಯಮಾಪನ!"

ವಲಯಾಧಿಕಾರಿ ಒಂದು ಗಳಿಗೆ ಆ ಪಟವನ್ನೇ ನೋಡುತ್ತ ನಿಂತರು. ಆಮೇಲೆ ತಾವೇ ಫೋನು ಹಚ್ಚಿ, ಈ ಗಿರಾಕಿಯನ್ನು ಇನ್ನೊಮ್ಮೆ ಕೇಳಿ ಎಂದು ಹೇಳಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು. ಅದೇ ಸಣ್ಣ ಹೆಣ್ಣುದನಿ ಬಂತು.

"ನಮಸ್ತೆ ಸರ್. ನಮ್ಮ ಸರ್ವೀಸಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?"

ಮೇಷ್ಟ್ರು ಕಣ್ಣು ಮುಚ್ಚಿದರು. ಹೆಂಡತಿ ಬೆನ್ನ ಮೇಲೆ ಕೈಯಿಟ್ಟರು. "ಹತ್ತು" ಎಂದರು ಮೇಷ್ಟ್ರು. ಒಮ್ಮೆ ಹೇಳಿದ ಮೇಲೆ ಅಂಥ ನೋವೇನೂ ಆಗಲಿಲ್ಲವೆಂದು ಖಾತ್ರಿಯಾಗಿ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು: "ಹತ್ತು!"

ಬಾಗಿಲ ಬಳಿ ನಿಂತವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ಎಂಜಿನಿಯರು ಚಪ್ಪಾಳೆ ತಟ್ಟಿದ. ವಲಯಾಧಿಕಾರಿ ಹೊಸ ಕೇಂದ್ರದ ಕಡತ ಹೊರಗೆ ತೆಗೆದು ಸಹಿಗೆ ಪೆನ್ನು ಹುಡುಕಿದರು. ಮೇಷ್ಟ್ರು ತಮ್ಮ ಕೆಂಪು ಪೆನ್ಸಿಲನ್ನೇ ಕೊಟ್ಟರು. ಭಾವಮೈದುನ ಯಾರೂ ನೋಡುತ್ತಿಲ್ಲವೆಂದು ತಿಳಿದು, ಮೇಜಿನ ಮೇಲಿದ್ದ ಕಾರಿನ ಪುಸ್ತಿಕೆಯನ್ನು ಮಡಿಸಿ ಜೇಬಿಗೆ ಸೇರಿಸಿದ.

ಈ ಗದ್ದಲದಲ್ಲಿ ಫೋನು ಇಡುವುದನ್ನು ಎಲ್ಲರೂ ಮರೆತಿದ್ದರು. ಆ ಸಣ್ಣ ದನಿ ತನ್ನ ಕಾಗದದ ಮುಂದಿನ ಸಾಲು ಓದಿತು.

"ಧನ್ಯವಾದ ಸರ್. ಕಡೇ ಪ್ರಶ್ನೆ. ಈ ಕರೆಯಲ್ಲಿ ನಾನು ನಿಮ್ಮ ಜೊತೆ ಮಾತಾಡಿದ ರೀತಿಗೆ ಹತ್ತಕ್ಕೆ ಎಷ್ಟು ಕೊಡ್ತೀರಿ?"

ಮೇಷ್ಟ್ರು ಯೋಚಿಸಿದರು. ದನಿ ಚೆನ್ನಾಗಿತ್ತು, ಸೌಜನ್ಯವಿತ್ತು, ಸ್ವಲ್ಪ ಅವಸರ ಜಾಸ್ತಿಯಾಗಿತ್ತು. ನ್ಯಾಯವಾಗಿ ಆರು ಅಂಕ ಸಲ್ಲಬೇಕಾದ ಕೆಲಸ. ಅವರು ಫೋನಿನ ಹತ್ತಿರಕ್ಕೆ ಬಗ್ಗಿದರು.

"ನಿಮಗೆ ಆ ಕೆಲಸ ಬೇಕಾಮ್ಮ?"

ಆ ಕಡೆ ಕಾಗದ ಕೆಳಗಿಟ್ಟ ಸದ್ದಾಯಿತು. "ಬೇಕು ಸರ್" ಎಂದಿತು ದನಿ, ಬಹಳ ಮೆಲ್ಲಗೆ.

"ಹಾಗಾದ್ರೆ ಹತ್ತು, ಬರ್ಕೊಳಿ" ಎಂದರು ಏಳು ಮೇಷ್ಟ್ರು.